ಕಟ್ಟಿಗೆ ಒಲೆಯ ಚಿಮ್ನಿ: ಯಾರಿಂದ ಮಾಡಿಸಬೇಕು, ಹೇಗೆ ಕಾಪಾಡಬೇಕು

ಗ್ಯಾಸ್ ಬಂದರೂ ಕೊಪ್ಪಳ ಜಿಲ್ಲೆಯ ಮನೆಗಳಿಂದ ಕಟ್ಟಿಗೆ ಒಲೆ ಪೂರ್ತಿ ಹೋಗಿಲ್ಲ. ಚಹಾ, ಪಲ್ಯ ಗ್ಯಾಸ್ ಮೇಲೆ ಆಗುತ್ತವೆ. ಜೋಳದ ರೊಟ್ಟಿಗೆ, ಬಚ್ಚಲ ಹಂಡೆಗೆ ಇನ್ನೂ ಎಷ್ಟೋ ಕಡೆ ಕಟ್ಟಿಗೆಯೇ ಬೇಕು. ಕಟ್ಟಿಗೆ ಉರಿಸುವ ಖಾನಾವಳಿಗಳಲ್ಲಂತೂ ಬೆಳಗ್ಗೆ ಹೊತ್ತಿದ ಒಲೆ ರಾತ್ರಿಯೇ ಆರುವುದು. ಒಲೆಯನ್ನು ದಿನಾ ಸಾರಿಸಿ ಚೆಂದ ಇಟ್ಟುಕೊಳ್ಳುತ್ತೇವೆ. ಅದರ ಮೇಲಿನ ಚಿಮ್ನಿಯನ್ನು ಮಾತ್ರ ಹಾಕಿಸಿದ ದಿನ ನೋಡಿದ್ದೇ ಕೊನೆ.

ಚಿಮ್ನಿ ಸ್ವಚ್ಛ ಮಾಡುವುದನ್ನೇ ಕಸುಬು ಮಾಡಿಕೊಂಡವರು ನಮ್ಮ ಕಡೆ ಸಿಗುವುದು ಕಷ್ಟ. ಗೌಂಡಿ ಒಲೆ ಕಟ್ಟುತ್ತಾನೆ. ವೆಲ್ಡಿಂಗ್ ಅಂಗಡಿಯವರು ಕೊಳವೆ ಮಾಡಿಕೊಡುತ್ತಾರೆ. ಇನ್ಯಾರೋ ಬಂದು ಮಾಳಿಗೆಗೆ, ಅಂದರೆ ಮನೆಯ ಚಾವಣಿಗೆ, ತೂತು ಹೊಡೆಯುತ್ತಾರೆ. ಈ ಮೂವರ ಕೆಲಸ ಕೂಡುವ ಜಾಗಕ್ಕೆ ಯಾರೂ ಹೊಣೆ ಅಲ್ಲ. ಅಪಾಯ ಇರುವುದು ಅಲ್ಲೇ. ಅದಕ್ಕೇ ಮನೆಯವರಿಗೇ ಒಂದಿಷ್ಟು ತಿಳಿದಿರಬೇಕು. ಏನು ಕೇಳಬೇಕು, ಏನು ನೋಡಬೇಕು ಅನ್ನುವಷ್ಟು ಗೊತ್ತಿದ್ದರೆ ಸಾಧಾರಣ ಗೌಂಡಿಯಿಂದಲೂ ಒಳ್ಳೆಯ ಕೆಲಸ ಮಾಡಿಸಬಹುದು.

ಮೊದಲು ನೀವೇ ನೋಡಿ

ಯಾರನ್ನಾದರೂ ಕರೆಸುವ ಮುಂಚೆ ನಿಮ್ಮ ಚಿಮ್ನಿಗೆ ಏನಾಗಿದೆ ಅಂತ ತಿಳಿದುಕೊಳ್ಳಿ. ಒಲೆ ಆರಿ ಒಂದು ದಿನ ಪೂರ್ತಿ ತಣ್ಣಗಾದ ಮೇಲೆ ನೋಡಬೇಕು. ಕೊಳವೆಯ ಬುಡದಲ್ಲಿ ಮಸಿ ತೆಗೆಯುವ ಬಾಯಿ ಇದ್ದರೆ ಅಲ್ಲಿ ಸಣ್ಣ ಕನ್ನಡಿ ಇಟ್ಟು ಟಾರ್ಚ್ ಬಿಡಿ. ಒಳಗಿನ ಗೋಡೆ ಕಾಣುತ್ತದೆ. ಒಂದು ಮೊಳೆಯಿಂದ ಕೆರೆದು ನೋಡಿ.

ಪುಡಿಪುಡಿಯಾಗಿ ಉದುರಿದರೆ ಅದು ಬರೀ ಮಸಿ. ಬ್ರಷ್ಷಿಗೆ ಬಂದುಬಿಡುತ್ತದೆ. ಕಪ್ಪು ಹೊಳೆಯುವ ಚಕ್ಕೆಯಾಗಿ ಬಂದರೆ ಹಸಿ ಕಟ್ಟಿಗೆ ಜಾಸ್ತಿ ಉರಿಸಿದ್ದೀರಿ ಅಂತ ಅರ್ಥ. ಡಾಂಬರು ಬಳಿದ ಹಾಗೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಜಾಗ್ರತೆ. ಇದಕ್ಕೆ ಕ್ರಿಯೊಸೋಟ್ ಅನ್ನುತ್ತಾರೆ. ಹೊಗೆಯಲ್ಲಿನ ಸುಡದ ಅಂಶ ತಣ್ಣಗಿನ ಕೊಳವೆಗೆ ತಾಗಿ ಹೀಗೆ ಹೆಪ್ಪುಗಟ್ಟುತ್ತದೆ. ಅದು ಒಂದು ಇಂಧನವೇ. ಒಂದು ಕಿಡಿ ತಾಗಿದರೆ ಚಿಮ್ನಿಯ ಒಳಗೇ ಬೆಂಕಿ ಹತ್ತುತ್ತದೆ.

ದಪ್ಪಕ್ಕೆ ಒಂದು ಲೆಕ್ಕ ಇದೆ. 3 ಮಿಲಿಮೀಟರ್ ಆಯಿತೆಂದರೆ, ಅಂದರೆ ಎರಡು ನಾಣ್ಯ ಜೋಡಿಸಿದಷ್ಟು ಆಯಿತೆಂದರೆ, ಸ್ವಚ್ಛ ಮಾಡಿಸಲೇಬೇಕು. 6 ಮಿಲಿಮೀಟರ್ ಇದ್ದರೆ ಸ್ವಚ್ಛ ಆಗುವ ತನಕ ಒಲೆ ಹಚ್ಚಲೇಬೇಡಿ.

ಒಲೆ ಉರಿಯುವಾಗಲೂ ಕೆಲವು ಗುರುತು ಸಿಗುತ್ತವೆ. ಹೊಗೆ ಒಲೆಯ ಬಾಯಿಂದ ವಾಪಸ್ ಬರುತ್ತಿದೆಯಾ? ಮಾಳಿಗೆಯ ಮೂಲೆಯಲ್ಲಿ ಇಲ್ಲಣ ಜೋತಾಡುತ್ತಿದೆಯಾ? ಕೊಳವೆಯ ಜೋಡಣೆಗಳಲ್ಲಿ ಕಂದು ನೀರು ಇಳಿದ ಗೆರೆ ಇದೆಯಾ? ಮುಂಚೆಗಿಂತ ಕಟ್ಟಿಗೆ ಜಾಸ್ತಿ ಹೋಗುತ್ತಿದೆಯಾ? ಇದಕ್ಕೆಲ್ಲ ಉತ್ತರ ಗೊತ್ತಿರುವುದು ದಿನಾ ಒಲೆ ಮುಂದೆ ಕೂತು ರೊಟ್ಟಿ ಬಡಿಯುವವರಿಗೆ. ಗೌಂಡಿ ಜೊತೆ ಮಾತಾಡಲು ಮನೆಯ ಗಂಡಸರು ಹೋಗುತ್ತಾರೆ, ಒಲೆಯ ಎತ್ತರ ಬಾಯಿಯ ಅಗಲ ಅವರೇ ಹೇಳಿಬಿಡುತ್ತಾರೆ. ಇದು ಸರಿ ಅಲ್ಲ. ಒಲೆ ಬಳಸುವವರು ಮೊದಲ ಮಾತಿನಿಂದಲೇ ಅಲ್ಲಿ ಇರಬೇಕು. ಕೊನೆಗೆ ಕೆಲಸ ಒಪ್ಪುವುದೂ ಅವರದೇ ಆಗಬೇಕು.

ಕೆಲಸಗಾರ ಸಿಗುವುದು ಎಲ್ಲಿ

ಫೋನಿನಲ್ಲಿ ಚಿಮ್ನಿ ಅಂತ ಹುಡುಕಿದರೆ ಕರೆಂಟಿನ ಅಡುಗೆಮನೆ ಚಿಮ್ನಿ ರಿಪೇರಿಯವರೇ ಸಿಗುತ್ತಾರೆ. ಅವರ ಕೆಲಸ ಬೇರೆ. ನೀವು ಕೇಳಬೇಕಾದ್ದು ಖಾನಾವಳಿಯಲ್ಲಿ, ರೊಟ್ಟಿ ಮಾಡಿ ಮಾರುವ ಮನೆಗಳಲ್ಲಿ, ಹಳೇ ಬೇಕರಿಯಲ್ಲಿ, ಮಠದ ದಾಸೋಹದ ಅಡುಗೆಮನೆಯಲ್ಲಿ. ಇವರ ಒಲೆ ಒಂದು ದಿನ ಕೆಟ್ಟರೆ ಕೆಲಸ ನಿಲ್ಲುತ್ತದೆ. ಹಾಗಾಗಿ ಒಳ್ಳೆಯ ಕೆಲಸಗಾರ ಯಾರು ಅಂತ ಇವರಿಗೆ ಗೊತ್ತಿರುತ್ತದೆ.

ಇನ್ನೊಂದು ದಾರಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಅನ್ನುವ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡುವುದು ಅದರ ಕೆಲಸವಾಗಿತ್ತು. ಅಲ್ಲಿಂದ ಬಂದದ್ದೇ ಚಿಮ್ನಿ ಇರುವ ಅಸ್ತ್ರ ಒಲೆ. 1980ರ ದಶಕದಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ನಡೆಸಿತು. 2002ರಲ್ಲಿ ಅದು ನಿಂತಿತು. ಎಷ್ಟೋ ಮನೆಗಳಲ್ಲಿ ಆ ಒಲೆಗಳನ್ನು ಕೆಡವಿಬಿಟ್ಟರು. ಅದಕ್ಕೆ ಒಂದು ಮುಖ್ಯ ಕಾರಣ ಏನು ಗೊತ್ತಾ? ಕಟ್ಟಿಕೊಟ್ಟವರು ಚಿಮ್ನಿ ಸ್ವಚ್ಛ ಮಾಡುವುದನ್ನು ಕಲಿಸಲಿಲ್ಲ, ಕೆಟ್ಟಾಗ ಬರಲೂ ಇಲ್ಲ. ಆ ಕಾಲದಲ್ಲಿ ಒಲೆ ಕಟ್ಟಲು ಕಲಿತ ಹಿರಿಯ ಗೌಂಡಿಗಳು ನಿಮ್ಮ ತಾಲ್ಲೂಕಿನಲ್ಲಿ ಇದ್ದರೆ ಅವರನ್ನೇ ಮೊದಲು ಕೇಳಿ. ಅವರಿಂದ ಕೆಲಸ ಆಗದಿದ್ದರೆ ಒಬ್ಬ ಹುಡುಗನನ್ನು ಜೊತೆಗಿಟ್ಟು ಹೇಳಿ ಮಾಡಿಸಲಿ.

ಹೆಸರು ಸಿಕ್ಕ ಮೇಲೆ ಆತ ಹಿಂದೆ ಮಾಡಿದ ಕೆಲಸ ಒಂದನ್ನಾದರೂ ಹೋಗಿ ನೋಡಿ. ಸಂಜೆ ರೊಟ್ಟಿ ಮಾಡುವ ಹೊತ್ತಿಗೆ ಹೋಗಿ. ಒಲೆ ಎಷ್ಟು ಚೆಂದ ಇದೆ ಅಂತ ನೋಡಬೇಡಿ, ತಲೆ ಎತ್ತಿ ಮಾಳಿಗೆ ನೋಡಿ. ಒಲೆ ಕಟ್ಟಿ ಎರಡು ವರ್ಷ ಆಗಿದ್ದರೂ ಮಾಳಿಗೆ ಕಪ್ಪಾಗಿಲ್ಲ ಅಂದರೆ ಕೆಲಸ ಬಲ್ಲವನು. ಆ ಮನೆಯ ಹೆಂಗಸರನ್ನು ಒಂದೇ ಮಾತು ಕೇಳಿ: ಆಷಾಢದ ಗಾಳಿಗೆ ಹೊಗೆ ಒಳಗೆ ಬರುತ್ತದಾ?

ಕೇಳಬೇಕಾದ ಪ್ರಶ್ನೆಗಳು

ಮೊದಲ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು: "ಕೊಳವೆ ಮಾಳಿಗೆ ದಾಟುವ ಜಾಗದಲ್ಲಿ ಏನು ಮಾಡ್ತೀರಿ?"

ನಮ್ಮ ಹಳೇ ಮಾಳಿಗೆ ಮನೆಗಳಲ್ಲಿ ತೊಲೆ, ಜಂತಿ ಹಾಕಿ, ಅದರ ಮೇಲೆ ಸಣ್ಣ ಕಟ್ಟಿಗೆ ಸೊಪ್ಪು ಹಾಸಿ, ಮೇಲೆ ಮಣ್ಣು ಹಾಕಿರುತ್ತಾರೆ. ಕೆಳಗಿಂದ ನೋಡಿದರೆ ಮಣ್ಣಿನ ಮಾಳಿಗೆ ಅನಿಸುತ್ತದೆ, ಒಳಗೆ ಇರುವುದು ಒಣ ಉರುವಲು. ಬಿಸಿ ಕೊಳವೆಯ ಪಕ್ಕ ವರ್ಷಗಟ್ಟಲೆ ಕಾದ ಕಟ್ಟಿಗೆ ಹೊಸ ಕಟ್ಟಿಗೆಗಿಂತ ಕಡಿಮೆ ಶಾಖಕ್ಕೇ ಹತ್ತಿಕೊಳ್ಳುತ್ತದೆ. ಇಷ್ಟು ವರ್ಷ ಏನೂ ಆಗಿಲ್ಲ ಅನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಣ್ಣಿನ ಒಳಗೆ ನಿಧಾನಕ್ಕೆ ಹೊಗೆಯಾಡುತ್ತಾ ಇದ್ದು, ರಾತ್ರಿ ಎಲ್ಲರೂ ಮಲಗಿದ ಮೇಲೆ ಹೊತ್ತಿಕೊಳ್ಳಬಹುದು.

ಮಾಳಿಗೆ ಮನೆಯಾದರೆ ನನ್ನ ಸಲಹೆ ಒಂದೇ. ಚಿಮ್ನಿಯನ್ನು ಮಾಳಿಗೆಯಿಂದ ಮೇಲಕ್ಕೆ ತೆಗೆಯಬೇಡಿ. ಕಲ್ಲು ಮಣ್ಣಿನ ಗೋಡೆಯಿಂದ ಹೊರಗೆ ತೆಗೆದು, ಹೊರಗಿನಿಂದ ಮೇಲಕ್ಕೆ ಏರಿಸಿ. ಜಂತಿಯ ತುದಿ, ಸೂರಿನ ಕಟ್ಟಿಗೆ ಕೊಳವೆಯಿಂದ ಒಂದೂವರೆ ಅಡಿ ದೂರ ಇರಲಿ. ಮಾಳಿಗೆಯಿಂದಲೇ ತೆಗೆಯಬೇಕು ಅಂದರೆ ಕೊಳವೆಯ ಸುತ್ತ ಅಷ್ಟೇ ದೂರದವರೆಗೆ ಕಟ್ಟಿಗೆ, ಸೊಪ್ಪು ಎಲ್ಲ ತೆಗೆಸಿ ಕಲ್ಲುಚಪ್ಪಡಿ ಹಾಕಿಸಬೇಕು.

ಆರ್‌ಸಿಸಿ ಮನೆಗೆ ಬೆಂಕಿಯ ಭಯ ಕಡಿಮೆ. ಆದರೆ ಕೊಳವೆಯನ್ನು ಸಿಮೆಂಟಿನಿಂದ ಬಿಗಿದುಬಿಟ್ಟರೆ ಅದು ಕಾದು ಹಿಗ್ಗುವಾಗ ಸ್ಲಾಬ್ ಬಿರುಕು ಬಿಡುತ್ತದೆ, ಮಳೆನೀರು ಇಳಿಯುತ್ತದೆ. ಕೊಳವೆಗಿಂತ ದೊಡ್ಡದೊಂದು ಕೊಳವೆಯನ್ನು ಸ್ಲಾಬಿನಲ್ಲಿ ಕೂರಿಸಿ, ನಡುವಿನ ಸಂದಿಗೆ ರಾಕ್ ವೂಲ್ (ಬೆಂಕಿ ಹತ್ತದ, ಕಲ್ಲಿನಿಂದ ಮಾಡಿದ ಉಣ್ಣೆಯಂಥ ವಸ್ತು) ತುಂಬಿಸಿ, ಮೇಲೆ ತಗಡಿನ ಕೊರಳಪಟ್ಟಿ ಹಾಕಿಸಿ. "ಸಿಮೆಂಟ್ ಹಾಕಿ ಪ್ಯಾಕ್ ಮಾಡ್ತೀನಿ" ಅನ್ನುವವನಿಗೆ ಈ ಕೆಲಸ ಗೊತ್ತಿಲ್ಲ.

ಎರಡನೆಯದು: "ಎಷ್ಟು ಎತ್ತರ ಹಾಕ್ತೀರಿ?" ಮಾಳಿಗೆ ದಾಟಿ ಕನಿಷ್ಠ 3 ಅಡಿ ಮೇಲಿರಬೇಕು. ಜೊತೆಗೆ ಸುತ್ತ 10 ಅಡಿ ದೂರದೊಳಗೆ ಏನಿದ್ದರೂ ಅದಕ್ಕಿಂತ 2 ಅಡಿ ಎತ್ತರ ಇರಬೇಕು. ನೀರಿನ ಟ್ಯಾಂಕ್, ಮೆಟ್ಟಿಲ ಕೋಣೆ, ಪಕ್ಕದ ಮನೆಯವರು ಹೊಸದಾಗಿ ಕಟ್ಟಿದ ಮೇಲಂತಸ್ತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕುಷ್ಟಗಿ, ಯಲಬುರ್ಗಾ ಬಯಲಿನಲ್ಲಿ ಸಾಲುಸಾಲು ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಜೂನ್‌ನಿಂದ ಆಗಸ್ಟ್ ತನಕ ಪಡುವಣ ಗಾಳಿ ಜೋರು. ಎತ್ತರ ಕಮ್ಮಿ ಇದ್ದರೆ ಆ ಗಾಳಿ ಗೋಡೆಗೆ ಬಡಿದು ಕೆಳಮುಖವಾಗಿ ತಿರುಗಿ ಹೊಗೆಯನ್ನು ಅಡುಗೆಮನೆಗೇ ತಳ್ಳುತ್ತದೆ. ಕೊಳವೆಯ ತುದಿಗೆ ಹಾಕುವ ಟೋಪಿಯನ್ನಷ್ಟೇ ಬದಲಿಸಿದರೆ ಇದು ಸರಿಹೋಗುವುದಿಲ್ಲ.

ಮೂರನೆಯದು ಕೊಳವೆ ಯಾವುದು ಅನ್ನುವುದು. ಪಿವಿಸಿ ಪೈಪ್ ಅಂದರೆ ಅಲ್ಲಿಗೇ ಮಾತು ಮುಗಿಸಿ. ಕರಗುತ್ತದೆ, ವಿಷದ ಹೊಗೆ ಬಿಡುತ್ತದೆ. ಒಲೆಗೆ ತಾಗಿದ ಕೆಳಭಾಗಕ್ಕೆ ದಪ್ಪ ಕಬ್ಬಿಣದ ಕೊಳವೆ ಒಳ್ಳೆಯದು, ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಆದರೆ ಬಾಳಿಕೆ ಜಾಸ್ತಿ. ಮನೆಯ ಒಲೆಗೆ 4 ಇಂಚು ಅಗಲ ಸಾಮಾನ್ಯ, ಖಾನಾವಳಿಗೆ 6 ಇಂಚು ಅಥವಾ ಅದಕ್ಕಿಂತ ದೊಡ್ಡದು ಬೇಕು. ಸೀದಾ ಇರಲಿ. ತಿರುವು ಬೇಕೇ ಬೇಕಾದರೆ ಕಾಟಕೋನದ (90 ಡಿಗ್ರಿಯ) ತಿರುವು ಬೇಡ, ಓರೆಯಾದ ಎರಡು ತಿರುವು ಹಾಕಿಸಿ. ಬುಡದಲ್ಲಿ ಮಸಿ ತೆಗೆಯುವ ಬಾಯಿ ಇರಲೇಬೇಕು. ಅದಿಲ್ಲದ ಚಿಮ್ನಿಯನ್ನು ಮುಂದೆ ಯಾರೂ ಸ್ವಚ್ಛ ಮಾಡುವುದಿಲ್ಲ.

ನಿಮ್ಮಲ್ಲಿ ಹಳೇ ಆಸ್ಬೆಸ್ಟಾಸ್ ಸಿಮೆಂಟಿನ ಕೊಳವೆ ಇದ್ದರೆ ಅದನ್ನು ಗರಗಸದಿಂದ ಕೊಯ್ಯುವುದು, ಒಡೆಯುವುದು, ಒಣಗಿದ್ದಾಗ ಉಜ್ಜುವುದು ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ಬರಬಹುದು. ಪೂರ್ತಿ ನೆನೆಸಿ, ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿ. ಅದನ್ನು ಒಡೆದು ಹಿತ್ತಲಲ್ಲಿ ಹಾಕಬೇಡಿ.

ಇನ್ನು ಒಲೆಯ ಒಳಮೈ. ಸಿಮೆಂಟ್ ಗಾರೆ ಬೆಂಕಿಯ ಮುಂದೆ ನಿಲ್ಲುವುದಿಲ್ಲ, ಉದುರುತ್ತದೆ. ಶಹಾಬಾದ್ ಪರ್ಸಿಯೂ ಅಷ್ಟೇ. ಅದು ಸುಣ್ಣದ ಕಲ್ಲು, ಕಾದರೆ ಚಕ್ಕೆ ಏಳುತ್ತದೆ. ಬೆಂಕಿ ತಾಗುವ ಕಡೆ ಫೈರ್ ಬ್ರಿಕ್ ಹಾಕಿಸಿ. ಆಗದಿದ್ದರೆ ಚೆನ್ನಾಗಿ ಸುಟ್ಟ ಇಟ್ಟಿಗೆಗೆ ಮಣ್ಣು, ಮರಳು, ಸಗಣಿ ಕಲಸಿದ ಮೆತ್ತು ಸಾಕು. ಇಟ್ಟಿಗೆಯ ಹಿಂದಿನ ಸಂದಿಗೆ ಭತ್ತದ ಹೊಟ್ಟಿನ ಬೂದಿ ತುಂಬಿಸಿ. ಅದು ಶಾಖವನ್ನು ಹೊರಗೆ ಬಿಡುವುದಿಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ರೈಸ್ ಮಿಲ್ಲುಗಳಿಗೆ ಹೋದರೆ ಹುಡುಕುವ ಕಷ್ಟವೇ ಇಲ್ಲ.

ಮಾತುಕತೆ, ದುಡ್ಡು

ಬಾಯಿಮಾತು ಸಾಲದು. ಒಂದು ಹಾಳೆಯಲ್ಲಿ ಬರೆಯಿರಿ: ಕೊಳವೆ ಯಾವುದು, ಎಷ್ಟು ದಪ್ಪ, ಎಷ್ಟು ಅಡಿ, ಟೋಪಿ, ಮಸಿ ಬಾಯಿ, ಮಾಳಿಗೆಯ ಕೆಲಸ ಯಾರದು, ನೀರು ಸೋರಿದರೆ ಯಾರು ಬರಬೇಕು. ಸಾಮಾನಿನ ಬಿಲ್ಲು ಬೇರೆ, ಕೂಲಿ ಬೇರೆ ಇರಲಿ. ಮೂರು ಜನ ಸೇರಿ ಮಾಡುವ ಕೆಲಸವಾದರೆ ಒಬ್ಬನನ್ನು ಹೊಣೆ ಮಾಡಿ, ಅವನ ಕೈಗೇ ದುಡ್ಡು ಕೊಡಿ. ಮೂರರಲ್ಲಿ ಒಂದು ಪಾಲು ಮೊದಲು, ಒಂದು ಪಾಲು ಕೊಳವೆ ನಿಂತ ಮೇಲೆ, ಉಳಿದದ್ದು ಒಲೆ ಉರಿಸಿ ನೋಡಿದ ಮೇಲೆ. ಕೆಲಸ ಬಲ್ಲವನು ಇದಕ್ಕೆ ಬೇಡ ಅನ್ನುವುದಿಲ್ಲ.

ಮೇಲೆ ಹತ್ತುವವರ ಜೀವದ ಹೊಣೆ ನಿಮ್ಮದೂ ಹೌದು. ಸಿಮೆಂಟ್ ಶೀಟಿನ ಮೇಲೆ ನೇರ ಕಾಲಿಡಲು ಬಿಡಬೇಡಿ, ಮುರಿದು ಕೆಳಗೆ ಬೀಳುತ್ತಾರೆ. ಹಲಗೆ ಹಾಸಿಕೊಡಿ. ಹತ್ತಿರದಲ್ಲಿ ಕರೆಂಟಿನ ತಂತಿ ಇದ್ದರೆ ಉದ್ದನೆ ಕಬ್ಬಿಣದ ಕೊಳವೆ ಎತ್ತುವ ಮುಂಚೆ ಲೈನ್ ತೆಗೆಸಿ. ಸಣ್ಣ ಹುಡುಗರನ್ನು ಮೇಲೆ ಹತ್ತಿಸುವ ಕೆಲಸಗಾರ ಬೇಡವೇ ಬೇಡ.

ಒಲೆ ಕಟ್ಟಿದ ದಿನವೇ ದೊಡ್ಡ ಉರಿ ಹಾಕಬೇಡಿ. ಎರಡು ವಾರ ನೆರಳಲ್ಲಿ ಆರಲಿ. ಆಮೇಲೆ ಒಂದು ವಾರ ದಿನಕ್ಕೊಂದು ಸಣ್ಣ ಉರಿ. ಕೊನೆಗೆ ಪೂರ್ತಿ ಉರಿಸಿ, ಊದಿನಕಡ್ಡಿ ಹಚ್ಚಿ ಒಲೆಯ ಬಾಯಿ ಹತ್ತಿರ ಹಿಡಿಯಿರಿ. ಅದರ ಹೊಗೆ ಒಳಕ್ಕೆ ಎಳೆದುಕೊಂಡು ಹೋಗಬೇಕು. ಪ್ರತಿ ಜೋಡಣೆಯ ಹತ್ತಿರವೂ ಹಾಗೇ ಹಿಡಿದು ನೋಡಿ. ಅಡುಗೆಮನೆಯ ಎಗ್ಸಾಸ್ಟ್ ಫ್ಯಾನ್ ಹಾಕಿ ಇನ್ನೊಂದು ಸಲ ನೋಡಿ. ಕಿಟಕಿ ಮುಚ್ಚಿ ಫ್ಯಾನ್ ಹಾಕಿದರೆ ಅದು ಚಿಮ್ನಿಯಿಂದಲೇ ಗಾಳಿ ಎಳೆದು ಹೊಗೆಯನ್ನು ಕೆಳಗೆ ತರುತ್ತದೆ.

ಸ್ವಚ್ಛ ಮಾಡುವುದು

ದಿನಾ ಉರಿಯುವ ಮನೆ ಒಲೆಗೆ ವರ್ಷಕ್ಕೆ ಎರಡು ಸಲವಾದರೂ ಬೇಕು. ಖಾನಾವಳಿಗೆ ತಿಂಗಳಿಗೊಮ್ಮೆ ನೋಡಬೇಕು. ನಮ್ಮ ಕಡೆಗೆ ಎರಡು ಹೊತ್ತು ಸರಿಹೋಗುತ್ತವೆ. ಒಂದು, ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕುವಾಗ. ಹೇಗೂ ಮೇಲೆ ಹತ್ತಿರುತ್ತೀರಿ. ಇನ್ನೊಂದು, ಡಿಸೆಂಬರ್‌ನಲ್ಲಿ. ಜನವರಿ ಹೊತ್ತಿಗೆ ಕೊಪ್ಪಳದ ಗವಿಮಠದ ಜಾತ್ರೆ ಬರುತ್ತದೆ. ದಾಸೋಹಕ್ಕೆ ಅಂತ ಊರೂರಲ್ಲಿ ಹೆಂಗಸರು ಸೇರಿ ರೊಟ್ಟಿ ಮಾಡಿ ಕಳಿಸುತ್ತಾರೆ. ಆಗ ಒಲೆ ಆರುವುದೇ ಇಲ್ಲ. ವರ್ಷದಲ್ಲೇ ಜಾಸ್ತಿ ಬೆಂಕಿ ಕಾಣುವ ಆ ದಿನಗಳಿಗೆ ಚಿಮ್ನಿ ಖಾಲಿ ಇರಬೇಕು.

ಪುಡಿ ಮಸಿ ಇದ್ದರೆ ನೀವೇ ಮಾಡಬಹುದು. ಗಾಳಿ ಇಲ್ಲದ ಬೆಳಗ್ಗೆ ಆರಿಸಿಕೊಳ್ಳಿ. ಒಲೆಯ ಬಾಯಿಗೆ ಒದ್ದೆ ಗೋಣಿಚೀಲ ಮುಚ್ಚಿ. ಮೂಗಿಗೆ ಒಳ್ಳೆಯ ಮಾಸ್ಕ್, ಕಣ್ಣಿಗೆ ಕನ್ನಡಕ. ಕೊಳವೆಯ ಅಗಲಕ್ಕೆ ಸರಿಹೋಗುವ ತಂತಿ ಬ್ರಷ್ಷನ್ನು ಹಗ್ಗಕ್ಕೆ ಕಟ್ಟಿ, ಕೆಳಗೆ ಒಂದು ಭಾರ ಕಟ್ಟಿ ಮೇಲಿನಿಂದ ಇಳಿಸಿ. ಮೇಲೆ ಕೆಳಗೆ ಎಳೆಯಿರಿ. ಟೋಪಿಯ ಒಳಗೂ ಉಜ್ಜಿ. ಗುಬ್ಬಿ ಗೂಡು ಕಟ್ಟಿರಬಹುದು, ಕಡಜವೂ ಇರಬಹುದು. ಕೊನೆಗೆ ಬುಡದ ಬಾಯಿಯಿಂದ ಮಸಿ ತೆಗೆಯಿರಿ. ಡಾಂಬರಿನಂತೆ ಅಂಟಿದ್ದು ಬ್ರಷ್ಷಿಗೆ ಬರುವುದಿಲ್ಲ. ಅದನ್ನು ಬೆಂಕಿ ಹಚ್ಚಿ ಸುಡಲು ಹೋಗಲೇಬೇಡಿ. ಕಬ್ಬಿಣದ ಕೊಳವೆಯಾದರೆ ಬಿಚ್ಚಿಸಿ ಕೆರೆಸಿ, ಇಲ್ಲವೇ ಆ ತುಂಡನ್ನೇ ಬದಲಿಸಿ.

ಚಿಮ್ನಿಯೊಳಗೆ ಬೆಂಕಿ ಹತ್ತಿದರೆ ಭೋರ್ ಅಂತ ಸದ್ದು ಬರುತ್ತದೆ, ಮೇಲಿಂದ ಕಿಡಿ ಹಾರುತ್ತವೆ. ಎಲ್ಲರನ್ನೂ ಹೊರಗೆ ಕಳಿಸಿ, 112ಕ್ಕೆ ಫೋನ್ ಮಾಡಿ. ಆಗುವಂತಿದ್ದರೆ ಒಲೆಯ ಬೆಂಕಿಗೆ ಮಣ್ಣು ಹಾಕಿ, ಬಾಯಿ ಮುಚ್ಚಿ ಗಾಳಿ ತಡೆಯಿರಿ. ಕಾದ ಕೊಳವೆಗೆ ನೀರು ಸುರಿಯಬೇಡಿ, ಬಿರಿಯುತ್ತದೆ. ಆರಿದ ಮೇಲೂ ಮಾಳಿಗೆಯ ಮೇಲೆ ಕೈಯಿಟ್ಟು ಬಿಸಿ ಇದೆಯಾ ಅಂತ ರಾತ್ರಿಯಿಡೀ ನೋಡುತ್ತಿರಬೇಕು.

ಕಟ್ಟಿಗೆ ಮತ್ತು ಬೂದಿ

ಚಿಮ್ನಿಯಲ್ಲಿ ಮಸಿ ಕಟ್ಟಿಕೊಳ್ಳುವುದಕ್ಕೆ ದೊಡ್ಡ ಕಾರಣ ಹಸಿ ಕಟ್ಟಿಗೆ. ನಮ್ಮ ಬಳ್ಳಾರಿ ಜಾಲಿ ಗಟ್ಟಿ ಕಟ್ಟಿಗೆ, ಒಣಗಿದರೆ ಒಳ್ಳೆಯ ಕೆಂಡ ಕೊಡುತ್ತದೆ. ಕಡಿದ ವಾರಕ್ಕೇ ಒಲೆಗೆ ಹಾಕಿದರೆ ಬರೀ ಹೊಗೆ. ಚಳಿಗಾಲದಲ್ಲಿ ಕಡಿದು, ಮುಂಗೈ ದಪ್ಪಕ್ಕೆ ಸೀಳಿ ಒಟ್ಟಿದರೆ ನಮ್ಮ ಬೇಸಿಗೆಯ ಬಿಸಿಲೇ ಅದನ್ನು ಒಣಗಿಸಿಕೊಡುತ್ತದೆ. ಎರಡು ತುಂಡು ಬಡಿದಾಗ ಠಣ್ ಅನ್ನಬೇಕು, ತುದಿಯಲ್ಲಿ ಬಿರುಕು ಕಾಣಬೇಕು. ಇನ್ನೂ ಅನುಮಾನ ಇದ್ದರೆ ಒಂದು ತುಂಡನ್ನು ವಾರಕ್ಕೊಮ್ಮೆ ತೂಕ ಮಾಡಿ. ತೂಕ ಇಳಿಯುವುದು ನಿಂತರೆ ಒಣಗಿದೆ ಅಂತ ಲೆಕ್ಕ.

ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಹೊತ್ತಿಸಲು ಚೆನ್ನ. ಭಗ್ಗನೆ ಉರಿದು ಕಿಡಿ ಹಾರಿಸುತ್ತವೆ, ಹಾಗಾಗಿ ಒಂದೇ ಸಲ ಕಂತೆ ತುರುಕಬೇಡಿ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಪ್ಲಾಸ್ಟಿಕ್ ಚೀಲ ಒಲೆಗೆ ಬೇಡ. ಒಟ್ಟಿದ ಕಟ್ಟಿಗೆ ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ, ಮನೆ ಗೋಡೆಯಿಂದ ದೂರ ಇರಲಿ. ಚೇಳು, ಹಾವು ಸೇರುತ್ತವೆ. ಕತ್ತಲಲ್ಲಿ ಕೈ ಹಾಕಬೇಡಿ.

ಬೂದಿಯ ಒಳಗೆ ಕೆಂಡ ಎರಡು ಮೂರು ದಿನ ಜೀವಂತ ಇರುತ್ತದೆ. ಅದನ್ನು ಮುಚ್ಚಳ ಇರುವ ಕಬ್ಬಿಣದ ಡಬ್ಬಿಗೇ ಹಾಕಿ. ಹುಲ್ಲಿನ ಬಣವೆ, ತಿಪ್ಪೆ ಹತ್ತಿರ ಸುರಿಯಬೇಡಿ. ಹೊಲಕ್ಕೆ ಹಾಕುವ ಮುಂಚೆಯೂ ಯೋಚಿಸಿ. ಬೂದಿ ಕ್ಷಾರ. ತುಂಗಭದ್ರಾ ಕಾಲುವೆ ನೀರು ನಿಂತು ಸವಳಾದ ಭೂಮಿಗೆ ಅದು ಒಳ್ಳೆಯದಲ್ಲ.

ಕೆಂಡ ಒಳಗೆ ತರಬೇಡಿ

ಚಿಮ್ನಿ ಸರಿ ಇದ್ದರೂ ಒಂದು ರೂಢಿ ಅದನ್ನೆಲ್ಲ ಕೆಡಿಸಬಲ್ಲದು. ಬಾಣಂತಿ ಕೋಣೆಯ ಕಿಟಕಿ ಬಾಗಿಲು ಮುಚ್ಚಿ, ಹೊರಸಿನ ಕೆಳಗೆ ಕುಳ್ಳಿನ ಕೆಂಡ ಇಡುವುದು. ಹಿರಿಯರು ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದಿದ್ದರೂ ಬರುತ್ತದೆ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಬಿಡುತ್ತದೆ. ಮಲಗಿದ್ದವರಿಗೆ ಗೊತ್ತೇ ಆಗುವುದಿಲ್ಲ. ಹಸುಗೂಸಿಗೆ ಅಪಾಯ ಇನ್ನೂ ಜಾಸ್ತಿ. ಬೆಚ್ಚಗಿರಲು ಬಿಸಿನೀರಿನ ಸ್ನಾನ, ಕಂಬಳಿ, ಉಣ್ಣೆಯ ಟೋಪಿ ಸಾಕು. ಲೋಬಾನ ಹಾಕಲೇಬೇಕು ಅಂದರೆ ತಾಯಿ ಮಗು ಇಲ್ಲದಾಗ, ಕಿಟಕಿ ತೆಗೆದು ಹಾಕಿ, ಕೆಂಡ ಹೊರಗೆ ಇಟ್ಟು, ಕೋಣೆಯ ಗಾಳಿ ಬದಲಾದ ಮೇಲೆ ಅವರನ್ನು ಒಳಗೆ ಕರೆಯಿರಿ.

ಒಲೆ ಅಥವಾ ಕೆಂಡ ಇರುವ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೇ ತಲೆನೋವು, ತಲೆಸುತ್ತು, ವಾಂತಿ ಬಂದಂತಾದರೆ ಪಿತ್ತ ಅಂತ ಸುಮ್ಮನಾಗಬೇಡಿ. ಎಲ್ಲರನ್ನೂ ತಕ್ಷಣ ಬಯಲಿಗೆ ತನ್ನಿ, ಬಾಗಿಲು ಕಿಟಕಿ ತೆಗೆಯಿರಿ, 108ಕ್ಕೆ ಫೋನ್ ಮಾಡಿ. ಕೋಣೆಯಲ್ಲಿ ಕೆಂಡ ಇತ್ತು ಅಂತ ಡಾಕ್ಟರಿಗೆ ಮೊದಲೇ ಹೇಳಿ.